ದಿನ ಮೊದಲೋ, ತಿಂಗಳು ಮೊದಲೋ: ತಾರೀಖುಗಳನ್ನು ಡೇಟಾಬೇಸಿಗೆ ತರುವ ಬಗೆ

17/09/1948 ಮತ್ತು 01/11/1956. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಈ ಎರಡು ತಾರೀಖುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯದು ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿದ ದಿನ. ಎರಡನೆಯದು ಆ ನಾಡಿನ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯದೊಳಗೆ ಬಂದ ದಿನ.

ಅಮೆರಿಕದ ಪದ್ಧತಿಗೆ ಹೊಂದಿಸಿದ ಗಣಕದಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ತೆರೆದು, ಅಕ್ಷರಗಳನ್ನು ತಾರೀಖಾಗಿ ಬದಲಿಸುವ ‘ಸಿಡೇಟ್’ ಎಂಬ ಫಂಕ್ಷನ್ನಿಗೆ ಇವೆರಡನ್ನೂ ಕೊಟ್ಟು ನೋಡಿ. ಮೊದಲನೆಯದು ಸರಿಯಾಗಿ 1948ರ ಸೆಪ್ಟೆಂಬರ್ 17 ಎಂದೇ ಬರುತ್ತದೆ. ಹದಿನೇಳನೆಯ ತಿಂಗಳು ಇಲ್ಲವೆಂದು ಗಣಕಕ್ಕೆ ಗೊತ್ತು. ಅದು ತಾನೇ ದಿನ ತಿಂಗಳುಗಳನ್ನು ಅದಲುಬದಲು ಮಾಡಿಕೊಳ್ಳುತ್ತದೆ. ಎರಡನೆಯದು 1956ರ ಜನವರಿ 11 ಆಗಿಬಿಡುತ್ತದೆ. ಎಚ್ಚರಿಕೆಯ ಮಾತಿಲ್ಲ, ಕೆಂಪು ಗುರುತಿಲ್ಲ. ರಾಜ್ಯೋತ್ಸವ ಸದ್ದಿಲ್ಲದೆ ಸಂಕ್ರಾಂತಿಯ ಪಕ್ಕಕ್ಕೆ ಸರಿದಿರುತ್ತದೆ.

ಕೆಲಸ ನಿಂತರೆ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದುತ್ತೇವೆ. ಅರ್ಧ ಸರಿ, ಅರ್ಧ ತಪ್ಪಾಗಿ ಒಳಗೆ ಸೇರಿಕೊಂಡ ತಾರೀಖು ಹಾಗಲ್ಲ. ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಅದನ್ನು ತಡೆಯುವ ಬಗೆಯನ್ನು ಈ ಅಧ್ಯಾಯದಲ್ಲಿ ನೋಡೋಣ.

ಒಂದೇ ಊರಿನಲ್ಲಿ ಮೂರು ಲೆಕ್ಕ

ಹೈದರಾಬಾದಿನ ಮಾದಾಪುರ ಇದಕ್ಕೆ ಒಳ್ಳೆಯ ಉದಾಹರಣೆ. ದುರ್ಗಂ ಚೆರುವಿನ ದಡದ ಈ ಊರಿನಲ್ಲಿ 1998ರ ನವೆಂಬರ್ 22ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಸೈಬರ್ ಟವರ್ಸ್ ಕಟ್ಟಡವನ್ನು ಉದ್ಘಾಟಿಸಿದರು. ಸುತ್ತ ಹೈಟೆಕ್ ಸಿಟಿ ಬೆಳೆಯಿತು. ಅಮೆರಿಕದ ಗ್ರಾಹಕರ ಫೈಲುಗಳು ಇಲ್ಲಿನ ಕಚೇರಿಗಳಿಗೆ ಬರುತ್ತವೆ. ಅವುಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅದೇ ಕಚೇರಿಯ ನೌಕರರು ಬ್ಯಾಂಕಿನ ಚೀಟಿಯಲ್ಲಿ, ಮಕ್ಕಳ ಶಾಲೆಯ ಅರ್ಜಿಯಲ್ಲಿ ದಿನವನ್ನು ಮೊದಲು ಬರೆಯುತ್ತಾರೆ. ಈ ನೆಲದ ಹಳೆಯ ಕಂದಾಯ ಕಾಗದಗಳನ್ನು ತೆರೆದರೆ ಮೂರನೆಯ ಲೆಕ್ಕ ಎದುರಾಗುತ್ತದೆ. ಅದು ಫಸಲಿ ವರ್ಷ, ಪಾರಸಿ ಹೆಸರಿನ ತಿಂಗಳುಗಳ ಲೆಕ್ಕ.

ಮಾದಾಪುರದ ಸುತ್ತ ಬಾಡಿಗೆ ಮನೆಗಳಲ್ಲಿರುವ ಕನ್ನಡಿಗರು ಒಂದು ಸಂಘ ಕಟ್ಟಿಕೊಂಡಿದ್ದಾರೆ ಎಂದು ಇಟ್ಟುಕೊಳ್ಳೋಣ. ಸದಸ್ಯರ ಪಟ್ಟಿಯನ್ನು ಆಕ್ಸೆಸ್ ಡೇಟಾಬೇಸಿಗೆ ಏರಿಸಬೇಕು. ಐದು ಮಂದಿ ಐದು ಟೆಕ್ಸ್ಟ್ ಫೈಲುಗಳನ್ನು ಕಳಿಸಿದ್ದಾರೆ. ಒಂದರಲ್ಲಿ ಹುಟ್ಟಿದ ದಿನ 01/11/1956 ಎಂದಿದೆ. ಇನ್ನೊಂದರಲ್ಲಿ 1.11.56. ಮತ್ತೊಂದರಲ್ಲಿ 19561101. ಹಿರಿಯರೊಬ್ಬರು ರಿಜಿಸ್ಟರ್ ನೋಡಿ ೦೧-೧೧-೧೯೫೬ ಎಂದು ಕನ್ನಡ ಅಂಕಿಗಳಲ್ಲೇ ಹೊಡೆದಿದ್ದಾರೆ. ಕಂಪನಿಯ ಲ್ಯಾಪ್‌ಟಾಪಿನಿಂದ ಬಂದದ್ದರಲ್ಲಿ 11/1/1956. ಐದೂ ಒಂದೇ ದಿನ ಎಂದು ಬರೆದವರಿಗೆ ಗೊತ್ತು. ಗಣಕಕ್ಕೆ ಅದನ್ನು ಹೇಳಬೇಕಾದವರು ನಾವು.

ಗಣಕದ ಹೊಟ್ಟೆಯಲ್ಲಿ ತಾರೀಖು

ಟೆಕ್ಸ್ಟ್ ಫೈಲಿನಲ್ಲಿ ಇರುವುದು ಬರೀ ಅಕ್ಷರಗಳು. ಡೇಟಾಬೇಸಿನೊಳಗೆ ತಾರೀಖು ಎಂದರೆ ಒಂದು ಸಂಖ್ಯೆ. ಆಕ್ಸೆಸ್ 1899ರ ಡಿಸೆಂಬರ್ 30ನ್ನು ಸೊನ್ನೆ ಎಂದು ಹಿಡಿದು ಅಲ್ಲಿಂದ ದಿನಗಳನ್ನು ಎಣಿಸುತ್ತದೆ. 1947ರ ಆಗಸ್ಟ್ 15 ಅದರ ಲೆಕ್ಕದಲ್ಲಿ 17394. 1956ರ ನವೆಂಬರ್ 1 ಅಂದರೆ 20760. ಒಂದರಿಂದ ಇನ್ನೊಂದನ್ನು ಕಳೆದರೆ 3366 ದಿನ ಎಂದು ತಟ್ಟನೆ ಸಿಗುತ್ತದೆ. ಗಂಟೆಗಳು ದಶಾಂಶ ಭಾಗದಲ್ಲಿ ಇರುತ್ತವೆ. ಬೆಳಗಿನ ಆರು ಗಂಟೆ ಎಂದರೆ 0.25.

ವಯಸ್ಸು ಲೆಕ್ಕ ಹಾಕಲು, ಅರವತ್ತು ತುಂಬಿದವರನ್ನು ಆರಿಸಲು, ವರ್ಷವಾರು ಜೋಡಿಸಲು ಈ ಸಂಖ್ಯೆಯೇ ಆಧಾರ. ಪರದೆಯ ಮೇಲೆ ಕಾಣುವ 01-11-1956 ಅದಕ್ಕೆ ತೊಡಿಸಿದ ಬಟ್ಟೆ ಮಾತ್ರ. ಬಟ್ಟೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು. ಒಳಗಿನ ಸಂಖ್ಯೆ ತಪ್ಪಿದ್ದರೆ ಯಾವ ಬಟ್ಟೆ ಹಾಕಿದರೂ ತಪ್ಪು ತಪ್ಪೇ. ಆದ್ದರಿಂದ ಅಕ್ಷರ ಸಂಖ್ಯೆಯಾಗುವ ಆ ಒಂದು ಕ್ಷಣದಲ್ಲಿ ನಮ್ಮ ಗಮನವೆಲ್ಲ ಇರಬೇಕು.

ತಪ್ಪು ಎಷ್ಟು ದೊಡ್ಡದು

ದಿನ 12 ದಾಟಿದ್ದರೆ ಗೊಂದಲವಿಲ್ಲ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳಲ್ಲೇ ತೊಂದರೆ. ವರ್ಷಕ್ಕೆ ಅಂಥ ದಿನಗಳು 144. ಅವುಗಳಲ್ಲಿ 1/1, 2/2, 3/3 ಹೀಗೆ ಎರಡು ಕಡೆಯಿಂದಲೂ ಒಂದೇ ಆಗಿರುವವು 12. ಉಳಿದ 132 ದಿನಗಳು ತಿರುವುಮುರುವಾಗುತ್ತವೆ. ವರ್ಷದ 365 ದಿನಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು! ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಹೆಚ್ಚಿನ ಸಾಲುಗಳು ಸರಿಯಾಗಿಯೇ ಇರುತ್ತವೆ, ನಂಬಿಕೆ ಬರುತ್ತದೆ.

ನಮ್ಮ ಹಿರಿಯರ ಪಟ್ಟಿಯಲ್ಲಿ ಈ ತಪ್ಪು ಇನ್ನೂ ಹೆಚ್ಚು ತಟ್ಟುತ್ತದೆ. ಎಷ್ಟೋ ಮಂದಿಯ ಹುಟ್ಟಿದ ದಿನ ಕಾಗದದಲ್ಲಿ ಜೂನ್ 1. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ವಯಸ್ಸನ್ನು ಅಂದಾಜು ಮಾಡಿ ಬರೆದದ್ದು. ಹೀಗೆ ಬಂದ 01/06 ಅಮೆರಿಕದ ಕ್ರಮದಲ್ಲಿ ಜನವರಿ 6 ಆಗುತ್ತದೆ. ಐದು ತಿಂಗಳ ಈ ವ್ಯತ್ಯಾಸ ನಿವೃತ್ತಿಯ ದಿನವನ್ನೋ ಪಿಂಚಣಿಯನ್ನೋ ಅಲುಗಿಸಬಲ್ಲದು.

ಎರಡಂಕಿಯ ವರ್ಷ ಇನ್ನೊಂದು ಬಲೆ. ಬಹುಕಾಲ ವಿಂಡೋಸ್‌ನಲ್ಲಿದ್ದ ರೂಢಿಯಂತೆ 30ರಿಂದ 99ರವರೆಗಿನದು 1900ರ ಶತಮಾನಕ್ಕೆ, 00ರಿಂದ 29ರವರೆಗಿನದು 2000ಕ್ಕೆ ಸೇರುತ್ತದೆ. 1.11.56 ಸರಿಯಾಗಿ ಬರುತ್ತದೆ. 1925ರಲ್ಲಿ ಹುಟ್ಟಿದ ಅಜ್ಜಿಯ 1.11.25 ಮಾತ್ರ 2025 ಆಗುತ್ತದೆ.

ಮೊದಲು ಅಕ್ಷರವಾಗಿಯೇ ತನ್ನಿ

ಈ ಕೆಲಸದಲ್ಲಿ ಒಂದೇ ಒಂದು ಸೂತ್ರವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ತಾರೀಖನ್ನು ಮೊದಲು ಅಕ್ಷರವಾಗಿಯೇ ಒಳಗೆ ತನ್ನಿ, ಆಮೇಲೆ ನಿಮ್ಮ ಕೈಯಾರೆ ತಾರೀಖಾಗಿಸಿ, ಮೂಲವನ್ನು ಅಳಿಸಬೇಡಿ.

ಬಂದ ಫೈಲನ್ನು ಮೊದಲು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಎಕ್ಸೆಲ್‌ನಲ್ಲಿ ತೆರೆದರೆ ಅದು ತಾರೀಖಿನಂತೆ ಕಂಡದ್ದನ್ನೆಲ್ಲ ತನ್ನ ತಿಳಿವಿಗೆ ಬಂದಂತೆ ಬದಲಿಸಿಬಿಡುತ್ತದೆ. ಹಾಗೆಯೇ ಉಳಿಸಿದರೆ ಮೂಲವೇ ಕೆಟ್ಟಿತು.

ಆಕ್ಸೆಸ್‌ನಲ್ಲಿ ‘ಎಕ್ಸ್‌ಟರ್ನಲ್ ಡೇಟಾ’ ವಿಭಾಗದಿಂದ ಟೆಕ್ಸ್ಟ್ ಫೈಲನ್ನು ಆರಿಸಿದಾಗ ಇಂಪೋರ್ಟ್ ವಿಝಾರ್ಡ್ ತೆರೆದುಕೊಳ್ಳುತ್ತದೆ. ಅದರ ಕೆಳಗೆ ‘ಅಡ್ವಾನ್ಸ್ಡ್’ ಎಂಬ ಬಟನ್ ಇದೆ. ಅದನ್ನು ಒತ್ತದೆ ಮುಂದೆ ಹೋಗಬೇಡಿ. ದಿನ, ತಿಂಗಳು, ವರ್ಷಗಳ ಕ್ರಮ, ನಡುವಿನ ಗುರುತು, ವರ್ಷಕ್ಕೆ ನಾಲ್ಕು ಅಂಕಿ ಇದೆಯೇ, ಮುಂದೆ ಸೊನ್ನೆ ಇದೆಯೇ ಎಂಬ ಪ್ರಶ್ನೆಗಳು ಅಲ್ಲಿವೆ. ಕನ್ನಡದ ಹೆಸರುಗಳು ಸರಿಯಾಗಿ ಬರಬೇಕಾದರೆ ಕೋಡ್ ಪೇಜ್ ಎಂಬಲ್ಲಿ ಯುಟಿಎಫ್-8 ಆರಿಸಬೇಕು. ಫೈಲಿನ ಎಲ್ಲ ಸಾಲುಗಳೂ ಒಂದೇ ಅಚ್ಚಿನಲ್ಲಿವೆ ಎಂಬುದು ಖಚಿತವಾಗಿದ್ದರೆ ಕ್ರಮವನ್ನು ಇಲ್ಲೇ ಹೇಳಿ ನೇರವಾಗಿ ತಾರೀಖಾಗಿ ತರಬಹುದು. 19561101ರಂಥವಕ್ಕೆ ವರ್ಷ-ತಿಂಗಳು-ದಿನ ಎಂಬ ಕ್ರಮ ಕೊಟ್ಟು, ನಡುವಿನ ಗುರುತಿನ ಜಾಗವನ್ನು ಖಾಲಿ ಬಿಡಬೇಕು. ಈ ಹೊಂದಿಕೆಗೆ ಹೆಸರು ಕೊಟ್ಟು ಉಳಿಸಿದರೆ ಮುಂದಿನ ತಿಂಗಳೂ ಅದೇ ಬಳಕೆಗೆ ಬರುತ್ತದೆ.

ನಮ್ಮ ಸಂಘದ ಐದು ಫೈಲುಗಳಂತೆ ಅಚ್ಚು ಬೇರೆಬೇರೆ ಇದ್ದರೆ ಆ ಕಾಲಂ ‘ಶಾರ್ಟ್ ಟೆಕ್ಸ್ಟ್’ ಎಂದೇ ಬರಲಿ. ಹೆಸರು ‘ಬರೆದಂತೆ’ ಎಂದಿರಲಿ. ಯಾವ ಫೈಲಿನಿಂದ ಬಂತು ಎನ್ನುವುದಕ್ಕೂ ಒಂದು ಕಾಲಂ ಇಡಿ. ಸಂಖ್ಯೆಯಾಗಿ ಮಾತ್ರ ತರಬೇಡಿ. 01111956ರ ಮುಂದಿನ ಸೊನ್ನೆ ಬಿದ್ದುಹೋಗಿ ಏಳೇ ಅಂಕಿ ಉಳಿಯುತ್ತದೆ.

ವಿಝಾರ್ಡಿಗೆ ತಿಳಿಯದ ತಾರೀಖುಗಳ ಜಾಗವನ್ನು ಆಕ್ಸೆಸ್ ಖಾಲಿ ಬಿಟ್ಟು, ‘ಇಂಪೋರ್ಟ್ ಎರರ್ಸ್’ ಎಂಬ ಬೇರೆ ಟೇಬಲ್ಲಿನಲ್ಲಿ ಸಾಲಿನ ಸಂಖ್ಯೆಯೊಂದಿಗೆ ಬರೆದಿಡುತ್ತದೆ. ಅದನ್ನು ಓದದೆ ಅಳಿಸಬೇಡಿ.

ಒಡೆದು ಜೋಡಿಸುವುದು

ಇನ್ನು ಪರಿವರ್ತನೆ. ‘ಲೆಫ್ಟ್’, ‘ಮಿಡ್’, ‘ರೈಟ್’ ಫಂಕ್ಷನ್ನುಗಳಿಂದ ಅಕ್ಷರಗಳನ್ನು ತುಂಡುಮಾಡಿ, ಆ ತುಂಡುಗಳನ್ನು ‘ಡೇಟ್‌ಸೀರಿಯಲ್’ ಎಂಬ ಫಂಕ್ಷನ್ನಿಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಕೊಡಬೇಕು. 01/11/1956 ಎಂಬುದರಲ್ಲಿ ಬಲಗಡೆಯ ನಾಲ್ಕು ಅಕ್ಷರ ವರ್ಷ, ನಾಲ್ಕನೆಯ ಜಾಗದಿಂದ ಎರಡು ಅಕ್ಷರ ತಿಂಗಳು, ಎಡಗಡೆಯ ಎರಡು ದಿನ. ಹೀಗೆ ಮಾಡಿದರೆ ಗಣಕದ ಹೊಂದಿಕೆ ಅಮೆರಿಕದ್ದಾಗಲಿ ಭಾರತದ್ದಾಗಲಿ ಉತ್ತರ ಒಂದೇ. ಊಹೆಗೆ ಜಾಗವೇ ಇಲ್ಲ. ಕನ್ನಡ ಅಂಕಿಗಳಿದ್ದರೆ ‘ರಿಪ್ಲೇಸ್’ ಫಂಕ್ಷನ್ನಿನಿಂದ ೦ಯಿಂದ ೯ರವರೆಗಿನ ಹತ್ತನ್ನೂ 0ಯಿಂದ 9ಕ್ಕೆ ಮೊದಲು ಬದಲಿಸಿಕೊಳ್ಳಿ.

ಒಂದು ಫೈಲಿನಲ್ಲಿ ಯಾವ ಕ್ರಮವಿದೆ ಎಂದು ತಿಳಿಯುವುದು ಹೇಗೆ? ಕಾಲಂ ಪೂರ್ತಿ ನೋಡಿ. ಮೊದಲ ತುಂಡು ಎಲ್ಲಾದರೂ 12 ದಾಟಿದ್ದು, ಎರಡನೆಯದು ಎಲ್ಲಿಯೂ ದಾಟದಿದ್ದರೆ ದಿನವೇ ಮೊದಲು ಎಂದು ಹೇಳಬಹುದು. ಎರಡೂ ದಾಟಿದ್ದರೆ ಇಬ್ಬರ ಬರಹ ಬೆರೆತಿದೆ. ಎರಡೂ ದಾಟದಿದ್ದರೆ ಫೈಲು ಉತ್ತರ ಹೇಳದು, ಬರೆದವರನ್ನೇ ಕೇಳಬೇಕು.

ಡೇಟ್‌ಸೀರಿಯಲ್‌ಗೂ ಒಂದು ಗುಣವಿದೆ. ಇಲ್ಲದ ದಿನವನ್ನು ಕೊಟ್ಟರೆ ಅದು ತಡೆಯುವುದಿಲ್ಲ, ಮುಂದಕ್ಕೆ ಎಣಿಸುತ್ತದೆ. 2023ರ ಫೆಬ್ರವರಿ 31 ಎಂದು ಕೊಟ್ಟರೆ ಮಾರ್ಚ್ 3 ಎಂದು ಹಿಂದಿರುಗಿಸುತ್ತದೆ. ಆದ್ದರಿಂದ ಬಂದ ತಾರೀಖನ್ನು ಮತ್ತೆ ಮೂಲದ ಅಚ್ಚಿಗೆ ತಿರುಗಿಸಿ ‘ಬರೆದಂತೆ’ ಕಾಲಮ್ಮಿನ ಪಕ್ಕ ಇಡಿ. ಹೊಂದದ ಸಾಲುಗಳನ್ನು ಬೇರೆ ಮಾಡಿ ಒಂದೊಂದಾಗಿ ನೋಡಿ.

ಕ್ವೆರಿ ಬರೆಯುವಾಗಲೂ ಎಚ್ಚರ ಬೇಕು. ಎಸ್‌ಕ್ಯುಎಲ್ ನೋಟದಲ್ಲಿ #01/11/1956# ಎಂದು ಬರೆದರೆ, ನಿಮ್ಮ ವಿಂಡೋಸ್ ಯಾವ ದೇಶಕ್ಕೆ ಹೊಂದಿಸಿದ್ದರೂ, ಆಕ್ಸೆಸ್ ಅದನ್ನು ಜನವರಿ 11 ಎಂದೇ ಓದುತ್ತದೆ. #1956-11-01# ಎಂದು ಬರೆಯಿರಿ. ವರ್ಷ, ತಿಂಗಳು, ದಿನ ಎಂಬ ಈ ಕ್ರಮವನ್ನು 1988ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅಕ್ಷರವಾಗಿಟ್ಟರೂ ಇದು ಕಾಲದ ಸರದಿಯಲ್ಲೇ ಜೋಡಣೆಯಾಗುತ್ತದೆ. ಇನ್ನೊಬ್ಬರಿಗೆ ಫೈಲು ಕಳಿಸುವಾಗ ಈ ರೂಪದಲ್ಲೇ ಕಳಿಸಿದರೆ ಅವರ ಅರ್ಧ ಕೆಲಸ ಉಳಿಯುತ್ತದೆ.

ಫಸಲಿಯನ್ನು ಎಲ್ಲಿಡುವುದು

ಸಂಘದ ಸದಸ್ಯರೊಬ್ಬರು ಊರಿನ ಹಳೆಯ ಜಮೀನು ಕಾಗದಗಳ ಪಟ್ಟಿಯನ್ನೂ ಸೇರಿಸಬೇಕೆಂದಿದ್ದಾರೆ ಎನ್ನಿ. ಅಲ್ಲಿ ‘1317 ಫ.’ ಎಂದಿರುತ್ತದೆ. ಇದು ಟೈಪಿಂಗ್ ತಪ್ಪಲ್ಲ. ಫಸಲಿ ಎಂದರೆ ಬೆಳೆಯ ವರ್ಷ. ‘ಫಸಲು’ ಎಂಬ ನಮ್ಮ ಮಾತಿನ ಬೇರೂ ಅದೇ. ಹೈದರಾಬಾದ್ ಸಂಸ್ಥಾನದಲ್ಲಿ ಅದು ಅಕ್ಟೋಬರ್ ಮೊದಲ ವಾರ ಆಜೂರ್ ಮಾಸದಿಂದ ಆರಂಭವಾಗಿ, ದೈ, ಬಹಮನ್, ಇಸ್ಫಂದಾರ್ ಎಂದು ಸಾಗಿ ಆಬಾನ್ ಮಾಸಕ್ಕೆ ಮುಗಿಯುತ್ತಿತ್ತು. ಆಜೂರ್‌ನಿಂದ ಡಿಸೆಂಬರ್ ಕೊನೆಯವರೆಗೆ 590, ಅಲ್ಲಿಂದ ಮುಂದೆ 591 ಕೂಡಿಸಿದರೆ ಇಸವಿ ಸಿಗುತ್ತದೆ. 1317 ಫಸಲಿಯ ಹೈದರಾಬಾದ್ ಭೂಕಂದಾಯ ಕಾಯಿದೆ 1907–08ರದು. ಜಾಗೀರುಗಳನ್ನು ರದ್ದುಮಾಡಿದ ನಿಯಮ 1949ರ ಆಗಸ್ಟಿನದು, ಅದರ ಹೆಸರಿನಲ್ಲಿರುವ ವರ್ಷ 1358 ಫಸಲಿ. ಮದ್ರಾಸ್ ಪ್ರಾಂತ್ಯದಲ್ಲಿ ಫಸಲಿ ಜುಲೈ 1ಕ್ಕೆ ಆರಂಭವಾಗುತ್ತಿತ್ತು. ಆದ್ದರಿಂದ ಕಾಗದ ಯಾವ ಸೀಮೆಯದು ಎಂಬುದನ್ನೂ ಬರೆದಿಡಬೇಕು.

1317 ಎಂಬುದನ್ನು ಆಕ್ಸೆಸ್ ಇಸವಿಯಾಗಿಯೇ ಒಪ್ಪಿಕೊಳ್ಳುತ್ತದೆ. ಅದು ಇಸವಿ 100ರಿಂದ 9999ರವರೆಗೆ ತಾರೀಖು ಹಿಡಿಯಬಲ್ಲದು. ಇಲ್ಲಿ ತಡೆಯಬೇಕಾದವರು ನಾವೇ. ಮೂರು ಕಾಲಂ ಮಾಡಿ: ಬರೆದಂತೆ, ಈ ದಿನದಿಂದ, ಈ ದಿನದವರೆಗೆ. ಬರೀ ‘1317 ಫ.’ ಎಂದಿದ್ದರೆ ಎರಡನೆಯದರಲ್ಲಿ 1907ರ ಅಕ್ಟೋಬರ್, ಮೂರನೆಯದರಲ್ಲಿ 1908ರ ಅಕ್ಟೋಬರ್ ಬರಲಿ. ದಿನ ಗೊತ್ತಿಲ್ಲವೆಂದು ಜನವರಿ 1 ಎಂದು ತುಂಬಬೇಡಿ. ಹಾಗೆ ತುಂಬಿದ ದಿನ ಹತ್ತು ವರ್ಷದ ಮೇಲೆ ದಾಖಲೆಯ ಮಾತಾಗಿ ಕೂರುತ್ತದೆ.

ಕೊನೆಯ ಪರೀಕ್ಷೆ

ಕೆಲಸ ಮುಗಿಯಿತು ಎನ್ನುವ ಮೊದಲು ಇಷ್ಟು ಮಾಡಿ.

1. ಫೈಲಿನ ಸಾಲುಗಳನ್ನೂ ಟೇಬಲ್ಲಿನ ಸಾಲುಗಳನ್ನೂ ಎಣಿಸಿ. ಎರಡೂ ಒಂದೇ ಇರಬೇಕು.
2. ತಾರೀಖು ಖಾಲಿ ಇರುವ ಸಾಲುಗಳನ್ನು ತೆಗೆದು, ಮೂಲದಲ್ಲೂ ಖಾಲಿ ಇದ್ದವೇ ನೋಡಿ.
3. ಅತಿ ಹಳೆಯ, ಅತಿ ಹೊಸ ತಾರೀಖುಗಳನ್ನು ನೋಡಿ. ಇಂದಿನ ದಿನ ದಾಟಿದ ಹುಟ್ಟುಹಬ್ಬವಿದ್ದರೆ ಅದು ಎರಡಂಕಿಯ ವರ್ಷದ ಕೆಲಸ, ನೂರು ಕಳೆಯಿರಿ.
4. ತಿಂಗಳುವಾರು ಎಣಿಸಿ. ನವೆಂಬರಿನ ಚಂದಾ ರಸೀದಿಗಳ ಪಟ್ಟಿ ತಿರುವಿದ್ದರೆ ಜನವರಿ 11, ಫೆಬ್ರವರಿ 11, ಮಾರ್ಚ್ 11 ಎಂದು ಎಲ್ಲ ತಿಂಗಳ ಹನ್ನೊಂದರಲ್ಲೂ ರಸೀದಿಗಳು ಕಾಣುತ್ತವೆ. ಆ ಸಾಲುಗಟ್ಟಿದ ಹನ್ನೊಂದುಗಳೇ ತಪ್ಪಿನ ಹೆಜ್ಜೆಗುರುತು.
5. ಕಣ್ಣುಮುಚ್ಚಿ ಹತ್ತು ಸಾಲುಗಳನ್ನು ಆರಿಸಿ ಕಾಗದದೊಂದಿಗೆ ತಾಳೆ ನೋಡಿ. ಕಾಗದವಿಲ್ಲದಿದ್ದರೆ ಆ ಮನೆಗೆ ಫೋನು ಮಾಡಿ ಕೇಳಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದೆರಡು ತಪ್ಪು ಉಳಿಯಬಹುದು. ನಾಲ್ಕು ವರ್ಷದ ಮೇಲೆ ಒಬ್ಬರು ಬಂದು, ‘ಇದು ನಮ್ಮ ಅಪ್ಪಾಜಿ ಹುಟ್ಟಿದ ದಿನ ಅಲ್ಲ, ಅವರು ರಾಜ್ಯೋತ್ಸವದ ದಿನ ಹುಟ್ಟಿದವರು’ ಎನ್ನಬಹುದು. ಆಗ ‘ಬರೆದಂತೆ’ ಕಾಲಂ ತೆರೆಯಿರಿ. ಅಲ್ಲಿ 01/11/1956 ಎಂದು, ಅವರ ಕೈ ಬರೆದಂತೆಯೇ, ಇರುತ್ತದೆ. ಅದು ಉಳಿದಿದ್ದರೆ ಜನವರಿಗೆ ಸರಿದ ದಿನವನ್ನು ನವೆಂಬರಿಗೆ ಮರಳಿ ತರಲು ಒಂದು ನಿಮಿಷ ಸಾಕು.