ಲಾಲ್‌ಬಾಗ್ ಫ್ಲವರ್ ಶೋ ಹಿಂದಿರೋ ಸಂಘ: 1836ರಿಂದ ನಮ್ಮ ತಾಲ್ಲೂಕು ಫಾರಂವರೆಗೆ

ಆಗಸ್ಟ್ 15, ಜನವರಿ 26 ಹತ್ತಿರ ಬಂತು ಅಂದ್ರೆ ನಮ್ಮ ಕಡೆಯಿಂದಲೂ ಬಸ್ ಹತ್ತಿ ಲಾಲ್‌ಬಾಗ್ ಫ್ಲವರ್ ಶೋಗೆ ಹೋಗೋರು ಇದ್ದಾರೆ. ಗಾಜಿನ ಮನೆ ಮುಂದೆ ಸೆಲ್ಫಿ, ಒಂದು ಪೊಟ್ಟಣ ಕಡ್ಲೆಕಾಯಿ, ವಾಪಸ್. ಈ ಶೋ ಸರ್ಕಾರ ಒಂದೇ ನಡೆಸೋದಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ತೋಟಗಾರಿಕೆ ಇಲಾಖೆ ಜೊತೆ ಮೈಸೂರು ಉದ್ಯಾನ ಕಲಾ ಸಂಘ ಅಂತ ಒಂದಿದೆ. ಅದು ಶುರುವಾಗಿದ್ದು 1912ರಲ್ಲಿ.

ಅದಕ್ಕೂ ಮೊದಲು ಇನ್ನೊಂದು ಸಂಘ ಇತ್ತು. ಹೈದರಾಲಿ 1760ರಲ್ಲಿ ಶುರು ಮಾಡಿ, ಟಿಪ್ಪು ಬೆಳೆಸಿದ ತೋಟವನ್ನ 1836ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಒಂದು ಕೃಷಿ-ತೋಟಗಾರಿಕೆ ಸಂಘದ ಕೈಗೆ ಕೊಟ್ಟರು. ಆರೇ ವರ್ಷ. 1842ರಲ್ಲಿ ಸಂಘ ಮುಚ್ಚಿಹೋಯ್ತು, ತೋಟ ವಾಪಸ್ ಸರ್ಕಾರಕ್ಕೆ ಬಂತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯ್ತು. ಮಧ್ಯದ 14 ವರ್ಷದಲ್ಲಿ 'ಸಂಘ ಇಲ್ಲ, ಜಾಗ ಖಾಲಿ ಬಿದ್ದಿದೆ' ಅಂತ ಹಂಚಿಬಿಟ್ಟಿದ್ರೆ ಇವತ್ತು ಅಲ್ಲಿ ಏನಿರ್ತಿತ್ತು ಅಂತ ನೀವೇ ಯೋಚನೆ ಮಾಡಿ.

ಆಮೇಲೆ ಬಂದವರು ಜೇಮ್ಸ್ ಕ್ಯಾಮರಾನ್. ಗಾಜಿನ ಮನೆ ಇವರ ಕಾಲದ್ದು. 1889ರ ನವೆಂಬರ್ 30ಕ್ಕೆ ವಿಕ್ಟೋರಿಯಾ ರಾಣಿ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು. ಲಂಡನ್‌ನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಮಾಡಿದ್ದು, ಕಬ್ಬಿಣ ಬಂದಿದ್ದು ಗ್ಲಾಸ್ಗೋದಿಂದ. ಲಂಡನ್‌ದು 1936ರಲ್ಲಿ ಸುಟ್ಟು ಹೋಯ್ತು, ನಮ್ಮದು ಇನ್ನೂ ನಿಂತಿದೆ! 1935ರಲ್ಲಿ ವಿಸ್ತರಣೆ ಮಾಡುವಾಗ ನಮ್ಮ ಭದ್ರಾವತಿ ಕಬ್ಬಿಣವನ್ನೇ ಹಾಕಿದ್ರು. ಸಂತೆಯಲ್ಲಿ ರಾಶಿ ಹಾಕಿರೋ ಸೀಮೆಬದನೆ ಈ ಕಡೆ ಹಬ್ಬಿದ್ದೂ ಲಾಲ್‌ಬಾಗ್‌ನಿಂದಲೇ. ತಮಿಳುನಾಡಲ್ಲಿ ಅದನ್ನ ಇವತ್ತಿಗೂ ಬೆಂಗಳೂರು ಕತ್ತರಿಕಾಯಿ ಅಂತಾನೇ ಕರೀತಾರೆ.

1908ರಲ್ಲಿ ಬರೋಡಾದಿಂದ ಬಂದ ಜರ್ಮನ್ ತಜ್ಞ ಕ್ರುಂಬಿಗಲ್ ಕಾಲದಲ್ಲಿ ಈಗಿನ ಸಂಘ ಹುಟ್ಟಿತು. ಹೂವು, ಹಣ್ಣು, ತರಕಾರಿ ತಂದು ಸ್ಪರ್ಧೆಗೆ ಇಡೋದು, ಬಹುಮಾನ ಕೊಡೋದು, ಒಬ್ಬರ ಬೆಳೆ ನೋಡಿ ಇನ್ನೊಬ್ಬರು ಕಲಿಯೋದು, ಇದು ಇಂಥ ಶೋಗಳ ಮೂಲ ಕೆಲಸ. ಇವತ್ತು ಜನ ಮಾತಾಡೋದು ಹೂವಲ್ಲಿ ಮಾಡಿದ ದೊಡ್ಡ ಮಾದರಿಗಳ ಬಗ್ಗೆ ಮಾತ್ರ. ಮನೆ ತೋಟ, ಕೈತೋಟದ ಸ್ಪರ್ಧೆಗಳು ಈಗಲೂ ಇವೆ, ಆದ್ರೆ ಸುದ್ದಿಯಾಗಲ್ಲ.

ನಮಗೆ ಸಂಬಂಧಪಟ್ಟ ಹೆಸರು ಡಾ. ಎಂ.ಎಚ್. ಮರಿಗೌಡರದ್ದು. ಹಾರ್ವರ್ಡ್‌ನಲ್ಲಿ ಓದಿ ಬಂದು ತೋಟಗಾರಿಕೆ ನಿರ್ದೇಶಕರಾದವರು. ಲಾಲ್‌ಬಾಗ್ ಗೇಟ್ ಒಳಗೆ ಇದ್ದ ವಿದ್ಯೆಯನ್ನ ತಾಲ್ಲೂಕಿಗೆ ತಂದವರು ಇವರೇ. ಊರೂರಲ್ಲಿ ತೋಟಗಾರಿಕೆ ಫಾರಂ, ನರ್ಸರಿ ಮಾಡಿಸಿದ್ರು. ಮಾವು, ತೆಂಗಿನ ಸಸಿ ಕಡಿಮೆ ರೇಟಿಗೆ ರೈತರಿಗೆ ಸಿಗೋಕೆ ಶುರುವಾಯ್ತು. 1959ರಲ್ಲಿ ಇವರು ಕಟ್ಟಿಸಿದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಗಿದ್ದು.

ಈಗ ವಿಷಯಕ್ಕೆ ಬರೋಣ. ಪೇಟೆ ಪಕ್ಕಕ್ಕೆ ಬಂದಿರೋ ಇಂಥ ಫಾರಂ ಜಾಗಗಳಿಗೆ ಎಲ್ಲಾ ಕಡೆ ಬೇಡಿಕೆ ಜಾಸ್ತಿ. ಕಟ್ಟಡಕ್ಕೆ ಜಾಗ ಬೇಕು ಅಂದಾಗ ಮೊದಲು ಕಣ್ಣು ಬೀಳೋದೇ ಅಲ್ಲಿಗೆ. ಲಾಲ್‌ಬಾಗ್‌ಗಾದ್ರೆ 1975ರ ಉದ್ಯಾನ ಸಂರಕ್ಷಣಾ ಕಾಯ್ದೆ ಇದೆ, ಮಾತಾಡೋಕೆ ಬೆಂಗಳೂರಿನ ಜನ ಇದ್ದಾರೆ. ತಾಲ್ಲೂಕು ಫಾರಂ ಪರವಾಗಿ ಕೇಳಬೇಕಾದವರು ಅಲ್ಲಿಂದ ಸಸಿ ತಂದು ತೋಟ ಮಾಡಿದ ರೈತರು, ಆ ತೋಟದ ಹಣ್ಣು ಮಾರೋ ಅಂಗಡಿಯವರು. ನಿಮ್ಮ ಊರಿನ ಫಾರಂ ಎಷ್ಟು ಎಕರೆ ಇತ್ತು, ಈಗ ಎಷ್ಟು ಉಳಿದಿದೆ ಅಂತ ತಹಶೀಲ್ದಾರ್ ಕಚೇರಿಯಲ್ಲಿ ಪಹಣಿ ತೆಗೆಸಿ ನೋಡಬಹುದು.