ಬಾಡಿಗೆಯಿಂದ ಇಎಂಐ ತೀರುತ್ತಾ?

"ಫ್ಲ್ಯಾಟ್ ತಗೊಂಡು ಬಾಡಿಗೆಗೆ ಕೊಡಿ, ಇಎಂಐ ತಾನಾಗೇ ತೀರುತ್ತೆ." ಬೆಂಗಳೂರಲ್ಲಿ ಈ ಮಾತು ಕೇಳಿದ್ರೆ, ಮೊದಲು ಪೆನ್ನು ಪೇಪರ್ ತಗೊಳ್ಳಿ.

80 ಲಕ್ಷದ ಫ್ಲ್ಯಾಟ್ ಅಂದ್ಕೊಳ್ಳಿ. ಕೈಯಿಂದ 16 ಲಕ್ಷ, ಸಾಲ 64 ಲಕ್ಷ. ಬಡ್ಡಿ ಶೇ. 8.5, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 55,500 ರೂಪಾಯಿ. ಬಾಡಿಗೆ 25 ಸಾವಿರ ಬಂದ್ರೂ, ಮಿಕ್ಕ 30 ಸಾವಿರ ನಿಮ್ಮ ಸಂಬಳದಿಂದಲೇ ಹೋಗ್ಬೇಕು. ಮನೆ ಖಾಲಿ ಬಿದ್ದ ತಿಂಗಳು? ಪೂರ್ತಿ ನಿಮ್ಮ ತಲೆ ಮೇಲೆ.

ಇದರ ಜೊತೆಗೆ ಕೊಳ್ಳುವಾಗಿನ ಖರ್ಚೂ ಇದೆ. ಮುದ್ರಾಂಕ ಶುಲ್ಕ ಶೇ. 5. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಸೆಸ್ಸೂ ಸೇರಿದ್ರೆ ಸುಮಾರು ಆರು ಲಕ್ಷ ಆಗುತ್ತೆ.

ಹಾಗಾದ್ರೆ ಯಾವಾಗ ಕೊಳ್ಳೋದು? ಇಷ್ಟೆಲ್ಲಾ ಕೊಟ್ಟ ಮೇಲೂ ಆರು ತಿಂಗಳ ಕಂತು ಬ್ಯಾಂಕಲ್ಲಿ ಉಳಿದಿರಬೇಕು. ಏಳೆಂಟು ವರ್ಷ ಮಾರೋ ಅಗತ್ಯ ಬರಬಾರದು. ಬೆಲೆ ಏರುತ್ತೆ ಅನ್ನೋ ಆತುರಕ್ಕಿಂತ ಇದೇ ಮುಖ್ಯ ಅಂತ ನನಗನ್ನಿಸುತ್ತೆ.

ಕಟ್ಟುತ್ತಿರೋ ಅಪಾರ್ಟ್‌ಮೆಂಟ್ ಆದ್ರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹುಡುಕಿ. ಮಾರಾಟ ಕರಾರು ನೋಂದಣಿ ಆಗೋ ಮುಂಚೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯೋ ಹಾಗಿಲ್ಲ. ಇದು 2016ರ ರೇರಾ ಕಾಯ್ದೆಯ 13ನೇ ಸೆಕ್ಷನ್. ಋಣಭಾರ ಪ್ರಮಾಣಪತ್ರ, ಅಂದ್ರೆ ಇಸಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತೆ. ಇ-ಖಾತಾ, ಅಂದ್ರೆ ಆಸ್ತಿಯ ಡಿಜಿಟಲ್ ದಾಖಲೆ, ನೋಡಿ. ಬಿ ಖಾತಾ (ಪೂರ್ತಿ ಕ್ರಮಬದ್ಧವಲ್ಲದ ಆಸ್ತಿಯ ಖಾತಾ) ಅಂತಿದ್ರೆ, ಬೆಲೆ ಎಷ್ಟೇ ಕಡಿಮೆ ಇದ್ರೂ ಅಲ್ಲೇ ನಿಲ್ಲಿ, ಕಾರಣ ಕೇಳಿ.

ಅಡ್ವಾನ್ಸ್ ಕೊಡೋ ಮುಂಚೆ ಕಾಗದಪತ್ರ ತೋರಿಸಿ. ಬಿಲ್ಡರ್ ಹೇಳಿದ ವಕೀಲರಿಗಲ್ಲ, ನೀವೇ ಫೀಸ್ ಕೊಟ್ಟು ಗೊತ್ತುಮಾಡಿದ ವಕೀಲರಿಗೆ.