ಉದರ ರಕ್ತಸ್ರಾವ: ಚೇತರಿಕೆಯೇ ದಾರಿ ತಪ್ಪಿಸಿದಾಗ

ಪೆಟ್ಟು ಬೀಳದಿದ್ದರೂ ಹೊಟ್ಟೆಯೊಳಗೆ ಹಠಾತ್ತನೆ ರಕ್ತ ಸುರಿಯುವ ಸ್ಥಿತಿಯನ್ನು 1909ರಲ್ಲಿ ಬಾರ್ಬರ್ ಎಂಬ ವೈದ್ಯರು ಹೆರಿಗೆನೋವಿನಲ್ಲಿದ್ದ ಮಹಿಳೆಯೊಬ್ಬರಲ್ಲಿ ಗುರುತಿಸಿ ವರ್ಣಿಸಿದರು. 1931ರಲ್ಲಿ ಗ್ರೀನ್ ಮತ್ತು ಪವರ್ಸ್ ಎಂಬವರು ಅದನ್ನು ‘ಉದರದ ಅಪೊಪ್ಲೆಕ್ಸಿ’ ಎಂದು ಕರೆದರು. ಗರ್ಭನಾಳದಲ್ಲಿ ಬೆಳೆದ ಭ್ರೂಣದಿಂದ ನಾಳ ಒಡೆಯುವುದು ಇಂಥ ರಕ್ತಸ್ರಾವದ ಪರಿಚಿತ ಕಾರಣವಾದರೆ, ಯಕೃತ್ತಿನ ಗಡ್ಡೆ ಸಿಡಿಯುವುದು, ಮಲೇರಿಯಾದಿಂದ ಊದಿಕೊಂಡ ಗುಲ್ಮ ಬಿರಿಯುವುದು ವಿರಳ ಕಾರಣಗಳು.

ಇಂಥ ಕಾರಣಗಳಲ್ಲಿ ವೈದ್ಯರನ್ನು ಹೆಚ್ಚು ಏಮಾರಿಸುವುದು ಗುಲ್ಮದ ಅಪಧಮನಿಯ ಅನ್ಯೂರಿಸಂ, ಅಂದರೆ ರಕ್ತನಾಳದ ಭಿತ್ತಿ ಒಂದೆಡೆ ದುರ್ಬಲಗೊಂಡು ಉಬ್ಬುವುದು. 1770ರಲ್ಲಿ ಶವಪರೀಕ್ಷೆಯಲ್ಲಿ ಬೊಸಿಯೆ ಎಂಬವರು ಕಂಡ ಈ ಉಬ್ಬು ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಒಡೆಯುವ ಸಂಭವ ಹೆಚ್ಚು. ಕೆಲವರಲ್ಲಿ ರಕ್ತವು ಮೊದಲು ಜಠರದ ಹಿಂದಿನ ಕಿರುಕೋಶದಲ್ಲಿ ತುಂಬಿ, ಅಲ್ಲಿನ ಒತ್ತಡದಿಂದಲೇ ಸ್ರಾವ ತಾತ್ಕಾಲಿಕವಾಗಿ ನಿಲ್ಲುತ್ತದೆ. ಸಲಾಯಿನ್ ಏರಿಸಿದೊಡನೆ ರಕ್ತದೊತ್ತಡ ಸುಧಾರಿಸಿ, ನೋವನ್ನು ಗ್ಯಾಸಿನದೆಂದೋ ಪಿತ್ತದ್ದೆಂದೋ ಬಗೆಯಲಾಗುತ್ತದೆ. ಕೆಲವು ಗಂಟೆಗಳ ಅಥವಾ ದಿನಗಳ ಬಳಿಕ ಆ ತಡೆ ಮುರಿದು, ರಕ್ತ ಇಡೀ ಉದರಕ್ಕೆ ನುಗ್ಗುತ್ತದೆ. ಇದನ್ನು ‘ಜೋಡಿ ಸ್ಫೋಟ’ ಎನ್ನಬಹುದು.

ಮೊದಲ ಹಿಮೋಗ್ಲೋಬಿನ್ ವರದಿಯೂ ಇಲ್ಲಿ ನೆಚ್ಚಿಕೆಗೆ ಅರ್ಹವಲ್ಲ. ತಂಬಿಗೆಯ ಮಜ್ಜಿಗೆಯಲ್ಲಿ ಅರ್ಧ ಚೆಲ್ಲಿದರೂ ಉಳಿದದ್ದು ತೆಳುವಾಗದು, ನೀರು ಬೆರೆತಾಗಲೇ ತೆಳುವಾಗುವುದು. ರಕ್ತದಲ್ಲಿಯೂ ದ್ರವ ಬಂದು ಸೇರುವವರೆಗೆ ಹಿಮೋಗ್ಲೋಬಿನ್ ಪ್ರಮಾಣ ಸಹಜವಾಗಿಯೇ ಕಾಣಬಹುದು. ಆದ್ದರಿಂದ ನಾಡಿಯ ವೇಗ, ಬೆವರು, ತಣ್ಣಗಾದ ಕೈಕಾಲುಗಳು ಹಾಗೂ ಎಡಭುಜದ ನೋವು ಪ್ರಯೋಗಾಲಯದ ವರದಿಗಿಂತ ಮುಂಚೆ ಸುಳಿವು ಕೊಡುತ್ತವೆ. ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವಿನ, ಮಾರಿಸನ್ ಚೀಲವೆಂಬ ಸಂದಿನಲ್ಲಿ ದ್ರವವಿದೆಯೇ ಎಂಬುದನ್ನು ಹಾಸಿಗೆಯ ಪಕ್ಕದಲ್ಲೇ ಅಲ್ಟ್ರಾಸೌಂಡ್ ಕೆಲವೇ ನಿಮಿಷಗಳಲ್ಲಿ ತೋರಿಸಬಲ್ಲದು, ಆದರೆ ಕಿರುಕೋಶದಲ್ಲಿ ಅಡಗಿದ ರಕ್ತ ಅದರ ಕಣ್ಣಿಗೆ ತಪ್ಪಬಹುದು. ಸ್ಥಿತಿ ಸ್ಥಿರವಾಗಿದ್ದರೆ ಮಾತ್ರ ಸಿ.ಟಿ. ಸ್ಕ್ಯಾನ್, ಅದರಲ್ಲಿ ಸ್ರಾವದ ಮೂಲದ ಬಳಿಯ ಹೆಪ್ಪು ಸುತ್ತಲಿನ ರಕ್ತಕ್ಕಿಂತ ಬಿಳುಪಾಗಿ ಕಾಣುತ್ತದೆ. ರಕ್ತದೊತ್ತಡ ಕುಸಿಯುತ್ತಲೇ ಇದ್ದರೆ, ಕಾರಣದ ಹೆಸರಿಗಾಗಿ ಕಾಯದೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಿಂದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ರೋಗಿಯನ್ನು ಸಾಗಿಸಬೇಕಾದಾಗ, ಎರಡು ಸ್ಫೋಟಗಳ ನಡುವಿನ ಬಿಡುವೇ ಪ್ರಯಾಣಕ್ಕೆ ದೊರೆಯುವ ಅವಧಿ. ರೋಗಿ ಕುಸಿದ ಸಮಯ, ಆಗಿನ ನಾಡಿ ಮತ್ತು ರಕ್ತದೊತ್ತಡ, ಏರಿಸಿದ ಸಲಾಯಿನ್, ರಕ್ತದ ಗುಂಪು ಇವಿಷ್ಟು ರೆಫರಲ್ ಚೀಟಿಯಲ್ಲಿದ್ದರೆ, ಗದಗಿನಲ್ಲಿ ಕಾಣುವ ಸುಧಾರಿಸಿದ ಅಂಕಿಗಳನ್ನೇ ನಂಬಿ ರೋಗಿಯನ್ನು ಮನೆಗೆ ಕಳುಹಿಸುವ ಸಂಭವ ತಗ್ಗುತ್ತದೆ.